ಭಾವ ಮಾಡಿದ ವಾರೆ ಬಾಗಿಲು

ನನ್ನ ಭಾವನಷ್ಟು ಜಂಭದ ಬಡಗಿ ಇನ್ನೊಬ್ಬ ಹುಟ್ಟಿಲ್ಲ, ಹುಟ್ಟುವುದೂ ಬೇಡ. ಒಂದು ಮಣೆ ಮಾಡಿದರೂ ಸಾಕು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಲೆ ವಾಲಿಸಿ, ‘ಆಹಾ’ ಎಂದು ತಾನೇ ಹೇಳಿಕೊಳ್ಳುತ್ತಾನೆ. ಬೇರೆಯವರು ಹೇಳುವವರೆಗೆ ಕಾಯುವ ತಾಳ್ಮೆ ಅವನಿಗಿಲ್ಲ. ಎದುರಿಗೆ ಸಿಕ್ಕಾಗ ನಾನು ಅವನಿಗೆ ‘ನೀವು’ ಎನ್ನುವುದು ನಿಜ. ಬರೆಯುವಾಗ ಮಾತ್ರ ಏಕವಚನವೇ. ನಾದಿನಿಗೆ ಅಷ್ಟೂ ಸ್ವಾತಂತ್ರ್ಯ ಇಲ್ಲದಿದ್ದರೆ ಅಕ್ಕನನ್ನು ಕೊಟ್ಟು ನಮಗೇನು ಲಾಭವಾಯಿತು?

ಅಕ್ಕ ಭಾವನ ಮನೆ ಓಣಿಯ ಕೆಳತುದಿಯಲ್ಲಿತ್ತು, ಅದರ ಮುಂಭಾಗವೇ ಅವನ ಕೆಲಸದ ಕೋಣೆ. ಮೊಣಕಾಲುದ್ದ ಮರದ ಹೊಟ್ಟು, ಅದರೊಳಗೆ ಕಳೆದುಹೋದ ಮೊಳೆಗಳು, ಆ ಮೊಳೆ ತುಳಿದು ಕಿರುಚುವ ಗಿರಾಕಿಗಳು. ಪೆನ್ಸಿಲ್ ಎಲ್ಲಿ ಎಂದು ಮನೆಮಂದಿಯನ್ನೆಲ್ಲ ಬೈದ ಮೇಲೆ ಅದು ಅವನ ಕಿವಿಯ ಹಿಂದೆಯೇ ಸಿಗುತ್ತಿತ್ತು. ಗೋಡೆಯ ಮೊಳೆಯೊಂದಕ್ಕೆ ದಾರ ಕಟ್ಟಿದ ಸೀಸದ ಗುಂಡು ನೇತಾಡುತ್ತಿತ್ತು. ಕಟ್ಟಿದ್ದು ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಇಳಿಬಿಡುತ್ತಾರಲ್ಲ, ಅದು. ಅವನ ಅಪ್ಪನ ಕಾಲದ್ದು. ಭಾವ ಅದನ್ನು ಮುಟ್ಟುತ್ತಿರಲಿಲ್ಲ. “ಅದೆಲ್ಲ ಕಣ್ಣು ಸರಿಯಿಲ್ಲದವರಿಗೆ. ನನ್ನ ಕಣ್ಣೇ ನನಗೆ ಗುಂಡು” ಎನ್ನುತ್ತಿದ್ದ.

ನಮ್ಮ ಓಣಿ ಇದ್ದದ್ದು ಬೆಟ್ಟದ ಇಳಿಜಾರಿನಲ್ಲಿ. ಒಬ್ಬರ ಮನೆಯ ಮಾಡು ಇನ್ನೊಬ್ಬರ ಅಂಗಳಕ್ಕೆ ಸಮ. ತಲೆ ಎತ್ತಿದರೆ ಹಿಮದ ಶಿಖರ, ತಗ್ಗಿಸಿದರೆ ಹೊಳೆ. ಪ್ರವಾಸಿಗರು ನಮ್ಮನ್ನು ನೋಡಿ ‘ಪುಣ್ಯವಂತರಪ್ಪಾ’ ಎನ್ನುತ್ತಿದ್ದರು. ಹಾಗೆಂದು ಫೋಟೊ ಹೊಡೆದುಕೊಂಡು, ಮಳೆಗಾಲಕ್ಕೆ ಮುಂಚೆ ಜಾಣರಂತೆ ಇಳಿದು ಹೋಗುತ್ತಿದ್ದರು. ಅವರನ್ನು ಇಳಿಸಿ ಕಳಿಸುವವಳು ನಾನೇ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುತ್ತೇನೆ. ಮಳೆಗಾಲದಲ್ಲಿ ಅಲ್ಲಿ ಟಿಕೆಟ್ ಕೊಡುವ ಕೆಲಸ ಇರುವುದಿಲ್ಲ, ಬೈಸಿಕೊಳ್ಳುವ ಕೆಲಸ ಇರುತ್ತದೆ. ಎಲ್ಲೇ ಗುಡ್ಡ ಕುಸಿದರೂ ನಾನೇ ಹಿಂದಿನಿಂದ ತಳ್ಳಿದೆ ಎನ್ನುವ ಹಾಗೆ ಜನ ಕಿಟಕಿಗೆ ಬಂದು ಕೂಗಾಡುತ್ತಾರೆ. “ರಸ್ತೆ ಯಾವಾಗ ತೆರೆಯುತ್ತೆ?” ಎಂದು ಕೇಳಿದರೆ “ಗುಡ್ಡಾನೇ ಕೇಳಿ, ನನಗೆ ಹೇಳಿ ಬಂದಿಲ್ಲ” ಎನ್ನುತ್ತೇನೆ. ಮೇಲಧಿಕಾರಿಗಳಿಗೆ ದೂರು ಹೋಗಿದೆ. ಹೋಗಲಿ.

ಮೊದಲೆಲ್ಲ ಮಳೆ ಇಡೀ ಕಾಲ ಜಿನುಗುತ್ತಿತ್ತು, ಬಟ್ಟೆ ಒಣಗುತ್ತಿರಲಿಲ್ಲ, ಅಷ್ಟೇ ತೊಂದರೆ. ಈಚೆಗೆ ಅದಕ್ಕೂ ಅವಸರ. ಒಂದು ತಿಂಗಳು ಮುಖ ತೋರಿಸದೆ, ತಿಂಗಳ ಮಳೆಯನ್ನೆಲ್ಲ ಒಂದೇ ಮಧ್ಯಾಹ್ನ ಸುರಿದು ಹೋಗುತ್ತದೆ. ಇದರ ಜೊತೆಗೆ ರಸ್ತೆ ಅಗಲ ಮಾಡುತ್ತೇವೆಂದು ಬೆಟ್ಟದ ಬುಡವನ್ನೇ ಕಡಿದರು. ನಮ್ಮ ನೆತ್ತಿಯ ಮೇಲೆ ಮಹಡಿ ಮೇಲೆ ಮಹಡಿ ಹಾಕಿ ಹೋಟೆಲು ಎಬ್ಬಿಸಿ, ಅದರ ಬಚ್ಚಲ ನೀರನ್ನೆಲ್ಲ ಇಳಿಜಾರಿಗೆ ಬಿಟ್ಟರು. ಬೆಟ್ಟವೂ ಎಷ್ಟೆಂದು ಸಹಿಸೀತು?

ಇಷ್ಟೆಲ್ಲ ಕಣ್ಣೆದುರೇ ನಡೆಯುತ್ತಿದ್ದರೂ ನಮ್ಮ ಮನೆಯಲ್ಲಿ ಜಗಳ ಮಾತ್ರ ಬಾಗಿಲಿನ ಮೇಲೆ.

ಅಕ್ಕನನ್ನು ಮದುವೆಯಾದ ಹೊಸದರಲ್ಲಿ ಭಾವ ಅತ್ತೆಗೆ, ಅಂದರೆ ನಮ್ಮಮ್ಮನಿಗೆ, ಮುಂಬಾಗಿಲೊಂದನ್ನು ಮಾಡಿ ತಂದ. ಒಂದೇ ಕದದ, ದಪ್ಪ ಹಲಗೆಯ ಬಾಗಿಲು. ತಾನೇ ಹೊತ್ತು ತಂದು, ತಾನೇ ಕೂರಿಸಿ, ಹಿಂದೆ ಸರಿದು ನಿಂತು, ಅತ್ತೆಯ ಮುಖವನ್ನೇ ನೋಡಿದ. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಮೇಲಿಂದ ಕೆಳಗೆ ನೋಡಿ, “ಒಂಚೂರು ವಾರೆ ಇದೆಯಲ್ವಾ?” ಎಂದಳು.

ಮುಗಿಯಿತು. ಅಂದಿನಿಂದ ಅತ್ತೆ ಅಳಿಯನಿಗೆ ನೇರ ಮಾತಿಲ್ಲ. ಹಾಗಂತ ಮಾತು ಕಡಿಮೆ ಇತ್ತೆಂದು ಯಾರೂ ತಿಳಿಯಬೇಡಿ. ಒಂದೇ ಮೇಜಿನ ಎದುರುಬದುರು ಕೂತು, “ನಿನ್ನ ಗಂಡಂಗೆ ಇನ್ನೊಂದು ಲೋಟ ಚಹಾ ಬೇಕಾ ಕೇಳು” ಎಂದು ಅಮ್ಮ ಅನ್ನುವಳು. “ಬೇಕು, ಸಕ್ಕರೆ ಜಾಸ್ತಿ ಇರಲಿ ಅಂತ ಹೇಳು ನಿಮ್ಮಮ್ಮಂಗೆ” ಎಂದು ಭಾವ ಅನ್ನುವನು. ನಡುವೆ ಕೂತ ಅಕ್ಕ ಯಾರಿಗೂ ಏನೂ ಹೇಳದೆ ತನ್ನ ಪಾಡಿಗೆ ಬ್ರೆಡ್ ತಿನ್ನುತ್ತಿದ್ದಳು. ಸಕ್ಕರೆ ಜಾಸ್ತಿ ಹಾಕಿದ ಚಹಾ ಬಂದೇ ಬರುತ್ತಿತ್ತು.

ಪ್ರತಿ ಮಳೆಗಾಲಕ್ಕೆ ಆ ಬಾಗಿಲು ಬಿಗಿಯಾಗುತ್ತಿತ್ತು. ಮೇಲಿನ ಮೂಲೆ ಚೌಕಟ್ಟಿಗೆ ಕಚ್ಚಿಕೊಂಡರೆ ಎಳೆದರೂ ಬಾರದು, ಒದ್ದರೂ ಹೋಗದು. ಭಾವ ಕೀಸುಳಿ ಹಿಡಿದು ಬಂದು, ಕಚ್ಚಿದ ಅಂಚನ್ನು ಸುರುಳಿ ಸುರುಳಿ ಹೆರೆದು ಸರಿ ಮಾಡುತ್ತಿದ್ದ. “ಮಳೆಗೆ ಮರ ಉಬ್ಬಿದೆ ಅಂತ ಹೇಳು ನಿಮ್ಮಮ್ಮಂಗೆ.” “ಹುಟ್ಟಿದಾಗಲೇ ವಾರೆ ಇತ್ತು ಅಂತ ಹೇಳು ನಿನ್ನ ಭಾವಂಗೆ.” ಇದೇ ಪಾಠ ಪ್ರತಿ ವರ್ಷ. ಒಮ್ಮೆ ಅಕ್ಕ, “ಮರ ಉಬ್ಬಿದ್ರೆ ಬಿಸಿಲು ಬಂದಾಗ ಒಣಗಿ ಸಡಿಲ ಆಗ್ಬೇಕಲ್ವಾ? ಆಗಲೇ ಇಲ್ವಲ್ಲ?” ಎಂದು ಕೇಳಿದಳು. ಭಾವ ಪೆನ್ಸಿಲ್ ಹುಡುಕುತ್ತ, “ಇದು ಬೇರೆ ತರದ ಮರ” ಎಂದ.

ನಮ್ಮ ಮನೆಯದಷ್ಟೇ ಅಲ್ಲ, ಓಣಿಯ ಬಾಗಿಲುಗಳೆಲ್ಲ ಹೀಗೆಯೇ. ಮಳೆಗಾಲದಲ್ಲಿ ಭಾವನಿಗೆ ಕೂರಲು ನಿಲ್ಲಲು ಪುರುಸೊತ್ತಿರುತ್ತಿರಲಿಲ್ಲ. ನಮ್ಮ ಗೋಡೆಗೆ ಹೊಂದಿಕೊಂಡು ಬ್ರೆಡ್ ಅಂಗಡಿಯಿತ್ತು. ಅದರ ಯಜಮಾನನನ್ನು ಓಣಿಯೆಲ್ಲ ಗುಂಡಣ್ಣ ಎಂದೇ ಕರೆಯುತ್ತಿತ್ತು. ಆಳು ಗುಂಡಗಿದ್ದ, ನಕ್ಕರೆ ಅಂಗಡಿಯ ಡಬ್ಬಗಳೂ ಅಲುಗುತ್ತಿದ್ದವು. “ಮೇಸ್ತ್ರೀ, ಹೀಗೇ ಹೆರೀತಾ ಹೋದ್ರೆ ಕೊನೆಗೆ ಚಿಲಕ ಒಂದೇ ಉಳಿಯೋದು” ಎಂದು ಅವನು ಭಾವನ ಕಾಲೆಳೆಯುತ್ತಿದ್ದ.

ದಾರ ಇಳಿಬಿಟ್ಟು ನೋಡಿದ್ದರೆ ಅರೆಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಆದರೆ ಭಾವ ಗುಂಡು ಹಿಡಿದರೆ ತನ್ನ ಕಣ್ಣನ್ನು ತಾನೇ ಅನುಮಾನಿಸಿದಂತೆ. ಅಮ್ಮ ಅಳೆಯಿರಿ ಎಂದರೆ ಅಳಿಯನ ಬಾಯಿಂದ ತೀರ್ಪು ಕೇಳಲು ಒಪ್ಪಿದಂತೆ. ಸೋಲುವುದಕ್ಕೆ ಇಬ್ಬರೂ ತಯಾರಿಲ್ಲದ್ದರಿಂದ ಗುಂಡು ಮೊಳೆಯಲ್ಲೇ ನೇತಾಡಿಕೊಂಡಿತ್ತು.

ಒಂದು ಚಳಿಗಾಲದಲ್ಲಿ ಬೆಟ್ಟ ಪರೀಕ್ಷೆ ಮಾಡುವವರು ಬಂದಿದ್ದರು. ಗೋಡೆಗಳ ಬಿರುಕಿಗೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿ, “ಬಿರುಕು ದೊಡ್ಡದಾದರೆ ಇದು ಒಡೆಯುತ್ತೆ. ಒಡೆದ ದಿನವೇ ತಿಳಿಸಿ. ಮಳೆಗಾಲದಲ್ಲಂತೂ ಇಲ್ಲಿ ಇರಲೇಬೇಡಿ” ಎಂದು ಬಿಡಿಸಿ ಬಿಡಿಸಿ ಹೇಳಿದರು. ನಾವು ತಲೆಯಾಡಿಸಿ, ಚಹಾ ಕೊಟ್ಟು, ಬೀಳ್ಕೊಟ್ಟೆವು. ಅಮ್ಮ ಆ ಗಾಜನ್ನು ದಿನಾ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಫಳಫಳ ಇಟ್ಟುಕೊಂಡಿದ್ದಳು. ನಮ್ಮಮ್ಮನ ಮನೆಯಲ್ಲಿ ಅಪಾಯದ ಸೂಚನೆಗೂ ಧೂಳು ಹಿಡಿಯುವಂತಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಒಂದು ದಿನ ಬೆಳಗ್ಗೆ ನೋಡಿದರೆ, ಗುಡ್ಡ ಕುಸಿದು ಮೇಲಿನ ರಸ್ತೆಯೂ ಇಲ್ಲ, ಕೆಳಗಿನ ರಸ್ತೆಯೂ ಇಲ್ಲ. ಬಸ್ಸಿಲ್ಲದ ಮೇಲೆ ನನಗೇನು ಕೆಲಸ? ಛತ್ರಿ ಹಿಡಿದು ಗುಂಡಣ್ಣನ ಅಂಗಡಿಗೆ ಬ್ರೆಡ್ ತರಲು ಹೋದೆ. ಒಳಗೆ ಎರಚಲು ಬರುತ್ತದೆಂದು ಅಮ್ಮ ಹಿಂದೆಯೇ ಬಾಗಿಲು ಹಾಕಿಕೊಂಡಳು. ಬ್ರೆಡ್ ತಂದು ನೋಡಿದರೆ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ನಾನು ಹೊರಗಿಂದ ದೂಡಿದೆ, ಅಮ್ಮ ಒಳಗಿಂದ ಎಳೆದಳು, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೆವು. ಮನೆಯ ಬೆನ್ನು ಬೆಟ್ಟಕ್ಕೆ ಅಂಟಿದ್ದರಿಂದ ಹಿತ್ತಲ ಬಾಗಿಲಿಲ್ಲ. ಕಳ್ಳರ ಭಯಕ್ಕೆ ಕಿಟಕಿಗೆಲ್ಲ ಕಬ್ಬಿಣದ ಸರಳು ಹಾಕಿಸಿದ್ದೆವು. ಕದಿಯಲು ಒಳಗೇನಿತ್ತೋ ದೇವರಿಗೇ ಗೊತ್ತು. ಬೇರೆ ದಾರಿ ಕಾಣದೆ ಭಾವನನ್ನು ಕರೆಯಲು ಓಡಿದೆ.

“ಬಾಗಿಲು ಕಚ್ಚಿಕೊಂಡಿದೆ, ಅಮ್ಮ ಒಳಗಿದ್ದಾಳೆ, ಬೇಗ ಬನ್ನಿ ಭಾವ.”

“ಏನಮ್ಮ ಟಿಕೆಟ್ಟಮ್ಮ, ನಿಮ್ಮಮ್ಮ ಏನಂತಾರೆ? ವಾರೆ ಅಂತಾರಾ?” ಎನ್ನುತ್ತಲೇ ಕೀಸುಳಿ, ಕೊಡಲಿ ಎತ್ತಿಕೊಂಡು ಹೊರಟ. ಅಕ್ಕ ಮೊಳೆಯ ಮೇಲಿದ್ದ ಗುಂಡನ್ನು ತೆಗೆದು ಮುಷ್ಟಿಯಲ್ಲಿ ಹಿಡಿದು ಹಿಂದೆಯೇ ಬಂದಳು.

ನಾವು ಬಂದದ್ದು ಕೇಳಿಸಿದ್ದೇ ತಡ, ಅಮ್ಮ ಒಳಗಿಂದ, “ಬಂದ್ರಾ? ವಾರೆ ಬಾಗಿಲು ಕೊಟ್ರೆ ಹೀಗೇ ಆಗೋದು ಅಂತ ಹೇಳೇ ಅವರಿಗೆ” ಎಂದಳು.

“ಮರ ಉಬ್ಬಿದೆ ಅಂತ ಹೇಳು.”

“ಅಯ್ಯೋ ನಿಮ್ಮಿಬ್ಬರ! ಮಧ್ಯೆ ಇರೋದು ಒಂದು ಹಲಗೆ. ನೀವೇ ಮಾತಾಡ್ಕೊಳ್ಳಬಾರದಾ?” ಎಂದು ನಾನು ರೇಗಿದೆ.

ಭಾವ ಭುಜ ಕೊಟ್ಟು ದೂಡಿದ. ಬಾಗಿಲು ಮಿಸುಕಲಿಲ್ಲ. ಅಷ್ಟರಲ್ಲಿ ಗುಂಡಣ್ಣ ಅಂಗಡಿಯಿಂದ ಹೊರಬಂದ. ಅಕ್ಕಪಕ್ಕದವರೂ ಛತ್ರಿ ಬಿಡಿಸಿಕೊಂಡು ತಮಾಷೆ ನೋಡಲು ಸೇರಿದರು. ಅಕ್ಕ ಮುಂದೆ ಬಂದು ಗುಂಡನ್ನು ಗಂಡನ ಕೈಗೆ ತುರುಕಿದಳು. “ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ವಾರೆನೋ ನೆಟ್ಟಗೋ, ಇವತ್ತು ಈ ಜನರ ಮುಂದೆ ತೀರ್ಮಾನ ಆಗಿಬಿಡಲಿ. ಇಳಿಬಿಡಿ.”

“ಆಗಿಬಿಡಲಿ ಮೇಸ್ತ್ರೀ!” ಎಂದ ಗುಂಡಣ್ಣ.

ಜನರೆದುರು ಇಲ್ಲವೆನ್ನಲು ಭಾವನಿಂದಾಗಲಿಲ್ಲ. ಚೌಕಟ್ಟಿನ ಮೇಲ್ತುದಿಗೆ ದಾರ ಹಿಡಿದು ಗುಂಡು ಬಿಟ್ಟ. ಅದು ಅತ್ತಿತ್ತ ತೂಗಿ ನಿಂತಾಗ, ಚೌಕಟ್ಟಿನ ಬುಡಕ್ಕೂ ಗುಂಡಿಗೂ ನಡುವೆ ಒಂದು ಅಂಗೈ ಹೋಗುವಷ್ಟು ಜಾಗವಿತ್ತು. ಗುಂಡಣ್ಣ ಸಿಳ್ಳೆ ಹಾಕಿದ. “ವಾರೆನೇ!” ಎಂದು ಯಾರೋ ಕೂಗಿದರು. “ನಾನು ಅವತ್ತೇ ಹೇಳಿರ್ಲಿಲ್ವಾ!” ಎಂದು ಒಳಗಿಂದ ಅಮ್ಮ ಚಪ್ಪಾಳೆ ತಟ್ಟಿದಳು. ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಅಯ್ಯೋ ಪಾಪ ಎನಿಸಿತು. ಆದರೂ ನಕ್ಕೆ.

ಆಮೇಲೆ ಅವನು ಗೋಡೆಯ ಮೂಲೆಗೆ ಹೋಗಿ ಅಲ್ಲಿ ಗುಂಡು ಬಿಟ್ಟ. ಅಲ್ಲಿಯೂ ಅದೇ ಅಂಗೈಯ ಜಾಗ.

“ಬಾಗಿಲಲ್ಲ! ಗೋಡೆ! ಗೋಡೇನೇ ವಾರೆ! ಗಾರೆಯವನ ತಪ್ಪಿಗೆ ಇಷ್ಟು ವರ್ಷ ನಾನು ಅನ್ನಿಸಿಕೊಂಡೆ!” ಭಾವ ಮಳೆಯಲ್ಲಿ ಕುಣಿದಾಡಿದ. “ನೋಡಿ ಬೇಕಾದ್ರೆ, ಗುಂಡಣ್ಣನ ಗೋಡೆಗೂ ಬಿಡ್ತೀನಿ” ಎಂದು ಅಂಗಡಿಯ ಮೂಲೆಗೂ ಬಿಟ್ಟ. ಅದೇ ಕಡೆಗೆ, ಅಷ್ಟೇ ಓರೆ. “ಇದೂ ವಾರೆ!”

“ನಮ್ಮ ಗೋಡೆ ಬೇರೆ ಗಾರೆಯವರು ಕಟ್ಟಿದ್ದಲ್ವಾ ಮೇಸ್ತ್ರೀ?” ಎಂದ ಗುಂಡಣ್ಣ. ಅವನ ನಗು ಅರ್ಧಕ್ಕೇ ನಿಂತಿತ್ತು.

ಭಾವ ಎದುರು ಮನೆಗೆ ಬಿಟ್ಟ. ಓಣಿಯ ದೀಪದ ಕಂಬಕ್ಕೂ ಬಿಟ್ಟ. ಕಂಬವನ್ನಂತೂ ಯಾವ ಗಾರೆಯವನೂ ಕಟ್ಟಿರಲಿಲ್ಲ. ಅದೂ ಹೊಳೆಯ ಕಡೆಗೇ ವಾಲಿತ್ತು. ದಾರ ಹಿಡಿದು ನಿಂತಲ್ಲೇ ನಿಂತ.

“ನನ್ನ ಬಾಗಿಲು ನೆಟ್ಟಗೇ ಇತ್ತು” ಎಂದ ಮೆಲ್ಲಗೆ. ಯಾರೂ ನಗಲಿಲ್ಲ.

“ಏನಾಯ್ತು? ಯಾಕೆ ಎಲ್ಲರೂ ಸುಮ್ಮನಾದ್ರಿ?” ಎಂದಳು ಅಮ್ಮ. ನಾನು ಬಾಗಿಲಿಗೆ ಬಾಯಿ ಹಚ್ಚಿ, ಬೆಟ್ಟವೇ ಜಾರುತ್ತಿದೆ, ಓಣಿಯೆಲ್ಲ ವಾಲಿದೆ ಎಂದೆ. ಅಮ್ಮ ಸಣ್ಣ ದನಿಯಲ್ಲಿ, “ಆ ಗಾಜಿನ ಪಟ್ಟಿ ಒಡೆದು ಹೋಗಿತ್ತು ಕಣೇ. ಒರೆಸುವಾಗ ನಾನೇ ಒತ್ತಿ ಒಡೆದೆ ಅಂದ್ಕೊಂಡೆ. ಅವರು ಬಂದು ಬೈತಾರೆ ಅಂತ ಮೈದಾ ಅಂಟು ಹಾಕಿ ಅಂಟಿಸಿಟ್ಟಿದ್ದೆ. ಎಷ್ಟು ಸಲ ಅಂಟಿಸಿದ್ರೂ ಬಿಟ್ಟುಕೊಳ್ಳೋದು” ಎಂದಳು.

ಅಷ್ಟು ಹೊತ್ತಿಗೆ ಗುಂಡಣ್ಣ ಅಂಗಡಿಯಿಂದ ತಗಡಿನ ತಟ್ಟೆ ತಂದು ಸೌಟಿನಿಂದ ಬಡಿಯುತ್ತ ಓಣಿ ಹತ್ತಿದ್ದ. “ಎದ್ದೇಳ್ರೋ, ಹೊರಡ್ರೋ, ಶಾಲೆ ಮೈದಾನಕ್ಕೆ ನಡೀರೋ!” ಆ ದಪ್ಪ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ಅವನ ಹಿಂದೆ ಮನೆಮನೆಯ ಬಾಗಿಲು ತೆರೆದವು. ತೆರೆಯದ ಬಾಗಿಲುಗಳನ್ನು ಒದ್ದು ತೆರೆದರು.

ನಮ್ಮದನ್ನು ಒದ್ದರೆ ತೆರೆಯುವಂತಿರಲಿಲ್ಲ. ಭಾವ ಕೊಡಲಿ ಎತ್ತಿದ. ಎತ್ತಿದವನು ಹಾಗೇ ನಿಂತ.

“ಅಳಿಯಂದ್ರೇ” ಎಂದಳು ಅಮ್ಮ.

ಅಕ್ಕ ನನ್ನ ತೋಳು ಹಿಡಿದುಕೊಂಡಳು. ಆ ಶಬ್ದ ನಮ್ಮಮ್ಮನ ಬಾಯಿಂದ ಬಂದದ್ದನ್ನು ನಾವಿಬ್ಬರೂ ಕೇಳಿಯೇ ಇರಲಿಲ್ಲ.

“ಅಳಿಯಂದ್ರೇ, ಬಾಗಿಲು ಮುರೀಬೇಡಿ. ಈ ಮನೇಲಿ ನೆಟ್ಟಗಿದ್ದಿದ್ದು ಅದೊಂದೇ. ನನಗೆ ವಯಸ್ಸಾಯ್ತು. ನನ್ನ ಮಕ್ಕಳನ್ನ ಕರ್ಕೊಂಡು ನೀವು ಹೊರಡಿ.”

“ಅತ್ತೆ, ಪಕ್ಕಕ್ಕೆ ಸರೀರಿ” ಎಂದ ಭಾವ. “ಬಾಗಿಲು ಇನ್ನೊಂದು ಮಾಡ್ತೀನಿ. ಅತ್ತೆ ಮಾಡೋಕೆ ನನಗೆ ಬರಲ್ಲ.”

ಕೊಡಲಿ ಬಿತ್ತು. ಬಾಗಿಲು ಜಗ್ಗಲಿಲ್ಲ. ಇನ್ನೊಂದು ಏಟು, ಮತ್ತೊಂದು. ಚಕ್ಕೆ ಎದ್ದಿತೇ ಹೊರತು ಹಲಗೆ ಬಿರಿಯಲಿಲ್ಲ. ಕಾಲಡಿಯ ನೆಲದಿಂದ ಗೊರಗೊರ ಸದ್ದು ಬರತೊಡಗಿತ್ತು. “ಯಾವ ಹಾಳಾದೋನು ಇಷ್ಟು ಗಟ್ಟಿ ಬಾಗಿಲು ಮಾಡಿದ್ದು!” ಎಂದು ಭಾವ ಕಿರುಚಿದ. ಅಷ್ಟೊಂದು ಹೆದರಿಕೆಯಲ್ಲೂ ನನಗೆ ನಗು ಬಂತು, ಅದು ಅರ್ಧದಲ್ಲೇ ಅಳುವಾಯಿತು. ಅವನು ಅಳುತ್ತಲೇ ಹೊಡೆಯುತ್ತಿದ್ದ. ತನ್ನ ಕೈಯಿಂದ ಮಾಡಿದ್ದರಲ್ಲೆಲ್ಲ ಅತ್ಯುತ್ತಮವಾದದ್ದನ್ನು, ಊರೆಲ್ಲ ವಾಲಿದಾಗಲೂ ತಾನು ವಾಲದೆ ಒಳ್ಳೆಯ ಹೆಸರು ಕಾಯ್ದುಕೊಟ್ಟ ಬಾಗಿಲನ್ನು, ಅದು ಗೆದ್ದ ಗಳಿಗೆಯಲ್ಲೇ ಅವನು ಕಡಿಯುತ್ತಿದ್ದ.

ಕೊನೆಗೆ ನಡುವಿನ ಹಲಗೆ ಒಡೆಯಿತು. ಅಲ್ಲಿಂದ ಮೊದಲು ಹೊರಬಂದದ್ದು ಅಮ್ಮನಲ್ಲ, ಕುಕ್ಕರ್. ಅದನ್ನು ಅಕ್ಕನ ಕೈಗೆ ಕೊಟ್ಟ ಮೇಲೆ ಅಮ್ಮ ತಲೆ ಹೊರಹಾಕಿದಳು. ಮನೆಪತ್ರ ಎಲ್ಲಿ ಎಂದು ಕೇಳಿದರೆ “ಅದು ಯಾರಿಗೆ ಬೇಕು, ಕುಕ್ಕರ್ ಹೊಸದು” ಎಂದಳು. ಭಾವ ಅವಳನ್ನು ಎಳೆದು ಬೆನ್ನಿಗೆ ಹಾಕಿಕೊಂಡು ಓಡಿದ. ಕೆಳಕ್ಕಲ್ಲ, ಅಡ್ಡಲಾಗಿ, ಶಾಲೆಯ ಮೈದಾನದ ಕಡೆಗೆ. ಬೆನ್ನ ಮೇಲಿನಿಂದ ಅಮ್ಮ, “ನಿಧಾನ ಹೋಗೋಕೆ ಹೇಳೇ ಅವರಿಗೆ” ಎಂದು ನನ್ನನ್ನು ಕೂಗಿದಳು.

ಮೈದಾನ ಮುಟ್ಟಿ ಉಸಿರು ಬಿಡುವಷ್ಟರಲ್ಲಿ ಗುಂಡಣ್ಣನೂ ಬಂದ. ಎಲ್ಲರೂ ಬಂದರೋ ಎಂದು ತಲೆ ತಲೆ ನೋಡಿದ. ಆಮೇಲೆ ಹಣೆ ಚಚ್ಚಿಕೊಂಡು, “ಒಲೆ ಉರೀತಾನೇ ಇದೆ. ಆರಿಸಿ ಬಂದುಬಿಡ್ತೀನಿ” ಎಂದ. ಅವನ ಹೆಂಡತಿ ಅಂಗಿ ಹಿಡಿದೆಳೆದಳು. “ಒಳಗೆ ಬ್ರೆಡ್ ಇದೆ ಕಣೇ, ಸೀದು ಹೋಗುತ್ತೆ” ಎಂದು ಕೈ ಬಿಡಿಸಿಕೊಂಡ. ಎಲ್ಲರೂ ಉಳಿದರು ಎಂದು ಬರೆಯಲು ನನಗೂ ಆಸೆಯಿದೆ. ಉಳಿಯಲಿಲ್ಲ. ಓಣಿ ಮೊದಲು ನಿಧಾನವಾಗಿ ಸರಿದು, ಆಮೇಲೆ ಒಮ್ಮೆಗೇ ಹೊಳೆಗಿಳಿಯಿತು. ದೀಪದ ಕಂಬ, ಮಾಡುಗಳು, ಅಂಗಡಿ, ಅಂಗಡಿಯೊಳಗಿನ ಮನುಷ್ಯ. ಅವನ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಬ್ರೆಡ್ಡಿಗೆ ಯಾರಾದರೂ ಪ್ರಾಣ ಕೊಡುತ್ತಾರೇನೋ, ಮೂರ್ಖ?

ಹೊಳೆಯಾಚೆಯ ಬಯಲಿನಲ್ಲಿ ನಮಗೆಲ್ಲ ಸಾಲಾಗಿ ತಗಡಿನ ಮನೆಗಳನ್ನು ಕಟ್ಟಿಕೊಟ್ಟರು. ಅವಕ್ಕೆಲ್ಲ ಬಾಗಿಲು ಮಾಡಿದವನು ಭಾವ. ಈ ಸಲ ‘ಆಹಾ’ ಇರಲಿಲ್ಲ. ಪೆನ್ಸಿಲ್ ಕಳೆದರೆ ಯಾರನ್ನೂ ಬೈಯದೆ ಸುಮ್ಮನೆ ಹುಡುಕುತ್ತಿದ್ದ. ಪ್ರತಿ ಚೌಕಟ್ಟಿಗೂ ಗುಂಡು ಇಳಿಬಿಟ್ಟು ನೋಡಿ, ಮನೆಗೆ ಹೋಗಿ, ಮತ್ತೆ ಬಂದು ಇನ್ನೊಮ್ಮೆ ಬಿಡುತ್ತಿದ್ದ. ಎಲ್ಲರದೂ ಮುಗಿದ ಮೇಲೆ ಅಮ್ಮನದನ್ನು ಮಾಡಿದ. ಅದರ ಹಲಗೆ ಕೊಯ್ಯುವಾಗ ಎರಡು ಸಲ ಗೆರೆ ತಪ್ಪಿದ ಎಂದು ಅಕ್ಕ ಹೇಳಿದಳು. ಕೂರಿಸಿ ಹಿಂದೆ ಸರಿದು ನಿಂತಾಗ ಅತ್ತೆಯ ಮುಖ ನೋಡಲಿಲ್ಲ, ನೆಲ ನೋಡಿದ. ಅತ್ತೆ ಅಳಿಯ ಈಗ ನೇರವಾಗಿ ಮಾತಾಡುತ್ತಿದ್ದರು. “ಊಟ ಆಯ್ತಾ ಅಳಿಯಂದ್ರೇ?” “ಆಯ್ತು ಅತ್ತೆ.” ಅಷ್ಟೇ. ಇಷ್ಟು ಸಪ್ಪೆ ಮಾತು ಆಡುವುದಕ್ಕಿಂತ ಅವರು ಮೊದಲಿನ ಹಾಗೆ ಇದ್ದರೇ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತಿತ್ತು.

ಮುಂದಿನ ಮಳೆಗಾಲ ಬಂತು. ಮೊದಲ ದೊಡ್ಡ ಮಳೆಯ ಮಾರನೆಯ ಬೆಳಗ್ಗೆ ಅಮ್ಮ ಬಾಗಿಲೆಳೆದರೆ ಬರಲಿಲ್ಲ. ಮೇಲಿನ ಮೂಲೆ ಕಚ್ಚಿಕೊಂಡಿತ್ತು. ನಾನು ಕಿಟಕಿಯಿಂದ ಹಾರಿದೆ. ಹೌದು, ಈ ಸಲ ಸರಳು ಹಾಕಿಸಿರಲಿಲ್ಲ. ಅಮ್ಮನನ್ನೂ ಅಲ್ಲಿಂದಲೇ ಇಳಿಸಿಕೊಂಡೆ. ಸುದ್ದಿ ಹಬ್ಬಲು ಹೊತ್ತು ಬೇಕೇ? ಸಾಲು ಮನೆಗಳ ಜನವೆಲ್ಲ ಹೊರಬಂದು ನಿಂತರು. ಗುಂಡಣ್ಣನ ಹೆಂಡತಿಯೂ ಬಂದಳು. ಯಾರ ಮುಖದಲ್ಲೂ ರಕ್ತವಿರಲಿಲ್ಲ.

ಭಾವ ಗುಂಡು ಹಿಡಿದು ಬಂದ. ಮೊದಲು ಗೋಡೆಗೆ ಬಿಟ್ಟ. ದಾರ ಗೋಡೆಗೆ ಅಂಟಿದಂತೆ ನೆಟ್ಟಗೆ ನಿಂತಿತು. ಪಕ್ಕದ ಮನೆಗೆ ಬಿಟ್ಟ, ನೆಟ್ಟಗೆ. ಹೊಸ ದೀಪದ ಕಂಬಕ್ಕೆ ಬಿಟ್ಟ, ಅದೂ ನೆಟ್ಟಗೆ. ಚೌಕಟ್ಟೂ ನೆಟ್ಟಗೆ. ಕೊನೆಗೆ ಬಾಗಿಲನ್ನು ದೂಡಿ ತೆರೆದು, ಕೀಲಿನಿಂದ ಬಿಚ್ಚಿ, ನೆಲಕ್ಕೆ ಒರಗಿಸಿ, ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ದಾರ ಎಳೆದು ನೋಡಿದ, ಒಂದು ಉದ್ದ, ಒಂದು ಗಿಡ್ಡ. ಮತ್ತೊಮ್ಮೆ ನೋಡಿದ.

“ವಾರೆ!” ಎಂದು ಕೂಗಿದ. “ನನ್ನ ಬಾಗಿಲೇ ವಾರೆ! ನೆಲ ಅಲ್ಲ, ಗೋಡೆ ಅಲ್ಲ, ಬಾಗಿಲು! ನಾನೇ ವಾರೆ ಮಾಡಿದ್ದೀನಿ!” ಮಳೆಯಲ್ಲಿ ಮನೆಮನೆಯ ಮುಂದೆ ನಿಂತು, “ನಾನು ಕೆಟ್ಟ ಬಡಗಿ, ಏನೂ ಭಯ ಇಲ್ಲ, ಒಳಗೆ ನಡೀರಿ” ಎಂದು ಸಾರಿದ. ಗುಂಡಣ್ಣನ ಹೆಂಡತಿ ನಕ್ಕಳು. ನಗುತ್ತ ನಗುತ್ತ ಅಲ್ಲೇ ಕೂತು ಅತ್ತಳು. ಅಕ್ಕ ಹೋಗಿ ಅವಳನ್ನು ತಬ್ಬಿಕೊಂಡಳು.

ಭಾವ ವಾಪಸು ಬಂದು, ಕೀಸುಳಿ ಎತ್ತಿಕೊಂಡು, ಮೊದಲಿನ ಹಾಗೆಯೇ ನನ್ನ ಕಡೆ ತಿರುಗಿ, “ಹೆರೆದು ಸರಿ ಮಾಡ್ತೀನಿ ಅಂತ ಹೇಳು ನಿಮ್ಮಮ್ಮಂಗೆ” ಎಂದ.

ಅಮ್ಮ ಒದ್ದೆ ಕೂದಲನ್ನು ಹಿಂಡಿಕೊಳ್ಳುತ್ತ, “ಏನೂ ಬೇಡ, ಅದು ಹಾಗೇ ವಾರೆ ಇರಲಿ ಅಂತ ಹೇಳೇ ನಿನ್ನ ಭಾವಂಗೆ” ಎಂದಳು.